ನಿನ್ನೆ ಜಡ್ಜ್, ಇವತ್ತು ಸರ್ಕಾರದ ವಕೀಲ
ಜಡ್ಜ್ ಆಗಿದ್ದು ಆಮೇಲೆ ಸರ್ಕಾರದ ವಕೀಲರಾದ ಅಮೆರಿಕದ ಮೆರಿಕ್ ಗಾರ್ಲೆಂಡ್ ಬಗ್ಗೆ ಒಂದು ಬರಹ ಓದಿದೆ, ಇಷ್ಟವಾಯಿತು. 1997ರಿಂದ 2021ರವರೆಗೆ ವಾಷಿಂಗ್ಟನ್ನಿನ ಮೇಲ್ಮನವಿ ಕೋರ್ಟಿನಲ್ಲಿ ಜಡ್ಜ್, ಆಮೇಲೆ 2025ರವರೆಗೆ ಅಮೆರಿಕದ ಅಟಾರ್ನಿ ಜನರಲ್, ಅಂದರೆ ಸರ್ಕಾರದ ಮುಖ್ಯ ವಕೀಲ. 2016ರಲ್ಲಿ ಒಬಾಮಾ ಇವರನ್ನು ಸುಪ್ರೀಂ ಕೋರ್ಟಿಗೆ ಹೆಸರಿಸಿದಾಗ ಸೆನೆಟ್ ವಿಚಾರಣೆಯನ್ನೇ ನಡೆಸಲಿಲ್ಲ. ಅದು ಅನ್ಯಾಯ ಅಂತ ನನಗೆ ಈಗಲೂ ಅನಿಸುತ್ತದೆ.

ನಮ್ಮಲ್ಲಿ ಹೈಕೋರ್ಟಿನ ಕಾಯಂ ಜಡ್ಜ್ ಆಗಿದ್ದವರು ಅದೇ ಹೈಕೋರ್ಟಿನಲ್ಲಿ ಮತ್ತೆ ವಾದ ಮಾಡುವಂತಿಲ್ಲ. ಸಂವಿಧಾನದ 220ನೇ ವಿಧಿ. ಇದು ಇರಲೇಬೇಕು. ಮಡಿಕೇರಿ ಕೋಟೆಯೊಳಗಿನ ಹಳೇ ಕೋರ್ಟಿಗೆ ಜಮ್ಮಾ ಜಾಗದ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮೀನು) ಕೇಸಿಗೆ ಅಪ್ಪನ ಜೊತೆ ಹೋಗುತ್ತಿದ್ದೆ. ಮಳೆಗೆ ಒದ್ದೆಯಾಗಬಾರದು ಅಂತ ಅಪ್ಪ ಫೈಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದಿರುತ್ತಿದ್ದರು. ಎದುರಿಗೆ ಸರ್ಕಾರಿ ವಕೀಲರು. ಅದೇ ಕೋರ್ಟಿನ ನಿನ್ನೆಯ ಜಡ್ಜೇ ಆ ಕಡೆ ನಿಂತಿದ್ದರೆ ಅಪ್ಪನಿಗೆ ಧೈರ್ಯ ಉಳಿಯುತ್ತಿತ್ತಾ?