ಜಾನ್ ಸ್ಮಿತ್‌ನ ವಾರಸುದಾರರು

ಹುಲಿಬೇಟೆಗೆಂದು ಬಂದಿದ್ದ ಜಾನ್ ಸ್ಮಿತ್ ಎಂಬ ಬ್ರಿಟಿಷ್ ಅಧಿಕಾರಿ 1819ರ ಏಪ್ರಿಲ್ 28ರಂದು ಅಜಂತಾದ ಹತ್ತನೆಯ ಗುಹೆಯ ಕಂಬದ ಮೇಲೆ ತನ್ನ ಹೆಸರು, ತಾರೀಖು ಗೀಚಿ ಹೋದ ಕಥೆ ಎಲ್ಲರಿಗೂ ಗೊತ್ತು. ಅಂದು ಒಳಗೆ ತುಂಬಿದ್ದ ಕಲ್ಲುಮಣ್ಣಿನ ಗುಡ್ಡೆ ಹತ್ತಿ ಗೀಚಿದ್ದರಿಂದ ಅದು ಈಗ ನಮ್ಮ ತಲೆಗಿಂತ ಮೇಲಿದೆ. ಪುಣ್ಯವಂತ! ಅವನ ವಾರಸುದಾರರಿಗೆ ಕೈಗೆಟುಕುವ ಜಾಗವೇ ಗತಿ.

ವಾರಸುದಾರನೊಬ್ಬ ನಮ್ಮ ಗುಂಪಿನಲ್ಲಿಯೇ ಇದ್ದ. ಕಾರಿನ ಮೇಲೆ ಒಂದು ಗೆರೆ ಬಿದ್ದರೆ ಇಡೀ ಬೀದಿಯನ್ನು ವಿಚಾರಣೆಗೆ ಎಳೆಯುವ ಗೆಳೆಯ ಅದೇ ಕಾರಿನ ಕೀಲಿ ತೆಗೆದು ಗೋಡೆಯ ಕಡೆಗೆ ನಡೆದ. ನಾನು ಕೈ ಹಿಡಿದೆ. ಅವನ ವಾದ ಕೇಳಿ: "ಇಷ್ಟೊಂದು ಹೆಸರುಗಳಲ್ಲಿ ಕನ್ನಡದ್ದು ಒಂದೂ ಇಲ್ಲ. ನಮ್ಮ ಪುಲಿಕೇಶಿಯ ಜಾಗವಯ್ಯಾ ಇದು!"

ಪುಲಿಕೇಶಿ ಅವನ ತಲೆಗೆ ಹೊಕ್ಕಿದ್ದು ಒಂದನೆಯ ಗುಹೆಯಲ್ಲಿ. ಅಲ್ಲಿನ ಒಂದು ಚಿತ್ರವನ್ನು ಇಮ್ಮಡಿ ಪುಲಿಕೇಶಿ ಪರ್ಷಿಯದ ರಾಯಭಾರಿಯನ್ನು ಬರಮಾಡಿಕೊಳ್ಳುವ ದೃಶ್ಯವೆಂದು ಬಹುಕಾಲ ಹೇಳುತ್ತಿದ್ದರು. ಅದು ಅವನಿಗಿಂತ ನೂರಕ್ಕೂ ಹೆಚ್ಚು ವರ್ಷ ಹಿಂದಿನದು ಎಂದು ಈಗ ಬಹುತೇಕ ವಿದ್ವಾಂಸರು ಹೇಳುತ್ತಾರೆ. ಗೆಳೆಯ ಇದನ್ನು ಕೇಳಿ ವಿದ್ವಾಂಸರ ಭಾಷೆ ಯಾವುದೆಂದು ವಿಚಾರಿಸಿದ. ಕನ್ನಡಕ್ಕಾಗಿ ಕೈ ಎತ್ತುವವರು ಕೈಯಲ್ಲಿ ಕೀಲಿ ಹಿಡಿದಿರುತ್ತಾರೆಂದು ನಾನು ಊಹಿಸಿರಲಿಲ್ಲ.

ಹೆಸರು ಕೊರೆಸುವುದು ಹೊಸ ಚಟವಲ್ಲ, ಒಪ್ಪುತ್ತೇನೆ. ವಾಕಾಟಕ ದೊರೆ ಹರಿಷೇಣನ ಮಂತ್ರಿ ವರಾಹದೇವ ಹದಿನಾರನೆಯ ಗುಹೆಯಲ್ಲಿ ಶಾಸನವನ್ನೇ ಹಾಕಿಸಿದ್ದಾನೆ. ಆದರೆ ಅವನು ಮೊದಲು ಗುಹೆ ಕೊರೆಸಿದ, ಆಮೇಲೆ ಹೆಸರು. ನಮ್ಮವರು ಟಿಕೆಟ್ ಕೊಂಡು ನೇರವಾಗಿ ಎರಡನೆಯ ಕೆಲಸಕ್ಕೆ ಕೈ ಹಾಕುತ್ತಾರೆ.

ಶಿಕ್ಷೆ ಇಲ್ಲವೆಂದಲ್ಲ. ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನು ಪುಸ್ತಕದಲ್ಲಿ ಕ್ಷೇಮವಾಗಿದೆ, ಅದರ ಮೇಲೆ ಯಾರೂ ಗೀಚಿಲ್ಲ.

ನಗುವುದಕ್ಕೂ ಬೇಸರವಾಗುತ್ತದೆ. ಮಣ್ಣು, ಭತ್ತದ ಹೊಟ್ಟು, ನಾರು ಕಲಸಿ ಮೆತ್ತಿ, ಮೇಲೆ ತೆಳ್ಳಗೆ ಸುಣ್ಣ ಬಳಿದು ಬಿಡಿಸಿದ ಚಿತ್ರಗಳವು. ಕೆರೆದರೆ ಉದುರುತ್ತವೆ. ಒಂದೂವರೆ ಸಾವಿರ ವರ್ಷ ಬಾವಲಿ, ಮಳೆ, ಹೊಗೆ ತಡೆದುಕೊಂಡ ಬುದ್ಧನ ಮುಖದ ಮೇಲೆ ನಿನ್ನ ಹೆಸರು ಯಾಕಯ್ಯಾ? ಯಾರು ಓದಬೇಕು ಅದನ್ನು?

ಕಾವಲುಗಾರ ಸೀಟಿ ಊದಿದ, ಕೀಲಿ ಜೇಬಿಗೆ ಹೋಯಿತು. ಇಪ್ಪತ್ತಾರನೆಯ ಗುಹೆಯಲ್ಲಿ ಸುಮಾರು ಏಳು ಮೀಟರ್ ಉದ್ದಕ್ಕೆ ಒರಗಿದ ಪರಿನಿರ್ವಾಣದ ಬುದ್ಧ. ಇದನ್ನು ನೋಡಲೆಂದೇ ನಾನು ಅಷ್ಟು ದೂರ ಹೋದದ್ದು. ನೋಡಿದ್ದು ಮಾತ್ರ, ಗೆಳೆಯನ ಬಲಗೈ ಯಾವ ಜೇಬಿನಲ್ಲಿದೆ ಎಂದು.