ನಮ್ಮ ನೆಲದಲ್ಲೇ ಇನ್ನಷ್ಟು ತೈಲ ತೆಗೆಯಬೇಕಾ?

ಪರ: ತೆಗೆಯಲೇಬೇಕು, ತಡ ಮಾಡಬಾರದು

ನಾವು ಬಳಸುವ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಅಡುಗೆ ಅನಿಲದಲ್ಲೂ ಅರ್ಧಕ್ಕಿಂತ ಹೆಚ್ಚು ಆಮದೇ. ಆ ಅನಿಲದ ಹಡಗುಗಳು ಬಹುಪಾಲು ಇರಾನ್ ಪಕ್ಕದ ಕಿರಿದಾದ ಸಮುದ್ರದಾರಿ ಹೊರ್ಮುಜ್ ಜಲಸಂಧಿ ದಾಟಿಯೇ ಬರಬೇಕು. ಬೇರೆಯವರ ಜಗಳಕ್ಕೆ ನಮ್ಮ ಒಲೆ ಆರಬೇಕಾ?

1990ರ ಆಗಸ್ಟ್‌ನಲ್ಲಿ ಇರಾಕ್ ಸೇನೆ ಕುವೈತ್‌ಗೆ ನುಗ್ಗಿದಾಗ ನಮ್ಮ ಭಾವ ಅಲ್ಲೇ ಕೆಲಸದಲ್ಲಿದ್ದರು. ವಾರಗಟ್ಟಲೆ ಸುದ್ದಿಯೇ ಇಲ್ಲ. ಅಕ್ಕ ರೇಡಿಯೋ ಬಿಟ್ಟು ಏಳುತ್ತಿರಲಿಲ್ಲ. ಕಡೆಗೆ ಭಾವ ಮರಳುಗಾಡು ದಾಟಿ ಜೋರ್ಡಾನ್‌ನ ಅಮ್ಮಾನ್ ಸೇರಿ, ನಮ್ಮ ಸರ್ಕಾರ ಕಳಿಸಿದ ವಿಮಾನದಲ್ಲಿ ಬಂದರು. ಕೈಯಲ್ಲಿದ್ದದ್ದು ಒಂದು ಚೀಲ, ಅಷ್ಟೇ. ಕೆಲಸ ಹೋಯಿತು, ಬರಬೇಕಿದ್ದ ಸಂಬಳವೂ ಹೋಯಿತು. ಕೆಲವೇ ದಿನಕ್ಕೆ ಅವರು ಡಬ್ಬ ಹಿಡಿದು ಸೀಮೆಎಣ್ಣೆಯ ಕ್ಯೂನಲ್ಲಿ ನಿಂತಿದ್ದರು. ಆಗ ತೈಲದ ಬೆಲೆ ದುಪ್ಪಟ್ಟಾಗಿತ್ತು. ಕುವೈತ್‌ನಿಂದ ಮನೆಮನೆಗೆ ಬರುತ್ತಿದ್ದ ಹಣ ನಿಂತಿತ್ತು. ಮರುವರ್ಷ ದೇಶವೇ ಚಿನ್ನ ಅಡವಿಟ್ಟು ಡಾಲರ್ ತರಬೇಕಾಯಿತು. ಆ ದಿನಗಳನ್ನು ಕಂಡವರು ಆಮದನ್ನು ನಂಬಿ ಕೂರುವುದಿಲ್ಲ.

ನಮ್ಮಲ್ಲಿ ಎಣ್ಣೆಯೇ ಇಲ್ಲ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. 1974ರಲ್ಲಿ ಮುಂಬೈ ಆಚೆಯ ಸಮುದ್ರದಲ್ಲಿ ಬಾಂಬೆ ಹೈ ತೈಲ ಕ್ಷೇತ್ರ ಸಿಕ್ಕಿತು, 1976ಕ್ಕೆಲ್ಲಾ ಎಣ್ಣೆ ಬಂತು. ರಾಜಸ್ಥಾನದ ಬಾರ್ಮೇರ್‌ನ ಮರಳಿನಡಿ ಮಂಗಳಾ ಕ್ಷೇತ್ರ ಕಂಡಿದ್ದು 2004ರಲ್ಲಿ. ಕೃಷ್ಣಾ-ಗೋದಾವರಿಯ ಆಳ ಸಮುದ್ರದಿಂದ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ 2024ರ ಜನವರಿಯಲ್ಲಿ ಎಣ್ಣೆ ತೆಗೆಯಲು ಶುರು ಮಾಡಿತು. ಹುಡುಕಿದವರಿಗೆ ಸಿಕ್ಕಿದೆ, ಅಲ್ವಾ? ಆಪತ್ತಿಗೆಂದು ಕಚ್ಚಾ ತೈಲ ಕೂಡಿಡುವ ಪಾದೂರು, ಮಂಗಳೂರು, ವಿಶಾಖಪಟ್ಟಣದ ಬಂಡೆಗುಹೆಗಳು ಹಿಡಿಯುವುದು ಒಟ್ಟು 53 ಲಕ್ಷ ಟನ್. ಇಡೀ ದೇಶಕ್ಕೆ ಅದು ಹತ್ತು ದಿನಕ್ಕೂ ಸಾಲದು.

ಎಲೆಕ್ಟ್ರಿಕ್ ಗಾಡಿ ಬಂದರೆ ಸಾಕು ಅನ್ನುವವರು ಎಣ್ಣೆ ಅಂದರೆ ಸ್ಕೂಟರ್‌ಗೆ ಹಾಕುವ ಪೆಟ್ರೋಲ್ ಮಾತ್ರ ಅಂದುಕೊಂಡಿದ್ದಾರೆ. ರಸ್ತೆಯ ಡಾಂಬರು ಎಲ್ಲಿಂದ ಬರುತ್ತದೆ? ವಿಮಾನ ಯಾವುದರಿಂದ ಹಾರುತ್ತದೆ? ಬಾವಿ ಕೊರೆಯಿರಿ. ಮೊದಲು ಕೊರೆಯಿರಿ.

ವಿರೋಧ: ಕೊರೆದಲ್ಲೆಲ್ಲ ಸಿಗುವುದಿಲ್ಲ

ಈ ಕಡೆಯಿಂದ ಬರೆಯಿರಿ ಎಂದು ಕೇಳಿದರು, ಬರೆಯುತ್ತಿದ್ದೇನೆ. ಇರುವ ಬಾವಿಗಳನ್ನು ಮುಚ್ಚಿ ಎಂದು ನಾನು ಹೇಳುವುದಿಲ್ಲ. ಹುಡುಕಾಟವೂ ನಡೆಯಲಿ. ಆದರೆ ಅದೇ ದಾರಿ ಅನ್ನುವುದು ಲೆಕ್ಕಕ್ಕೆ ಕೂರುವುದಿಲ್ಲ.

ತೈಲ ಆಮದಿನ ಅವಲಂಬನೆಯನ್ನು 2022ರ ಹೊತ್ತಿಗೆ ಶೇ 10ರಷ್ಟು ಇಳಿಸುವ ಗುರಿಯನ್ನು ಪ್ರಧಾನಿ ಮೋದಿ 2015ರಲ್ಲೇ ಹೇಳಿದ್ದರು. ಅದು ಇಳಿಯಲಿಲ್ಲ, ಏರಿತು. 2011-12ರಲ್ಲಿ ಸುಮಾರು 3.8 ಕೋಟಿ ಟನ್ ಇದ್ದ ನಮ್ಮ ಕಚ್ಚಾ ತೈಲ ಉತ್ಪಾದನೆ 2023-24ಕ್ಕೆ 3 ಕೋಟಿಗಿಂತ ಕೆಳಗೆ ಬಂದಿತ್ತು. ಹಳೆಯ ಬಾವಿಗಳು ಬತ್ತುತ್ತಿವೆ. ಮಂಗಳಾದಲ್ಲೂ ಎಣ್ಣೆ ಕಂಡ ಮೇಲೆ ಅದು ಹೊರಬರಲು 2009 ಆಗಬೇಕಾಯಿತು. ಇನ್ನೊಂದು ಮಾತು: ಇಲ್ಲೇ ತೆಗೆದ ಎಣ್ಣೆಗೂ ಬೆಲೆ ನಿಗದಿಯಾಗುವುದು ಹೊರಗಿನ ಮಾರುಕಟ್ಟೆ ನೋಡಿಯೇ. ಬಂಕ್‌ನಲ್ಲಿ ಅಗ್ಗವಾಗುತ್ತದೆ ಎಂದು ಸುಮ್ನೆ ಆಸೆ ಪಡುವುದು ಬೇಡ.

2020ರಲ್ಲಿ ಅಸ್ಸಾಂನ ಬಾಗ್‌ಜಾನ್ ಬಾವಿ ಸಿಡಿದು, ಬೆಂಕಿ ಹತ್ತಿ, ತಿಂಗಳುಗಟ್ಟಲೆ ಉರಿಯಿತು. ಜನ ಮನೆ ಬಿಟ್ಟು ಓಡಿದರು. ಪಕ್ಕದ ಕೆರೆಯ ಮೀನು, ಹಕ್ಕಿ ಸತ್ತವು.

ಯುದ್ಧ ದಿನಾ ಬರುವುದಿಲ್ಲ. ಡೀಸೆಲ್ ಮಾತ್ರ ದಿನಾ ಬೇಕು, ಅದನ್ನು ಕಡಿಮೆ ಮಾಡುವ ದಾರಿ ನಮ್ಮ ಕಣ್ಣೆದುರೇ ಇದೆ. ಬ್ರಾಡ್‌ಗೇಜ್ ರೈಲು ಹಳಿಗಳಿಗೆ ಬಹುತೇಕ ಪೂರ್ತಿ ವಿದ್ಯುತ್ ಬಂದಾಗಿದೆ. ಮುಂದಿನ ದುಡ್ಡು ನಗರದ ಬಸ್ಸುಗಳಿಗೆ ಹೋಗಲಿ. ಲಾರಿಯ ಸರಕು ಜಾಸ್ತಿ ರೈಲು ಹತ್ತಲಿ.