ಬಂಗಲೆಗೆ ಹೊರಟು ಹೆರಿಗೆ ಆಸ್ಪತ್ರೆಗೆ

ಮೈಸೂರಿನ ಹಳೇ ಕಟ್ಟಡಗಳನ್ನೆಲ್ಲ ನಡೆದೇ ನೋಡಿಬಿಡೋಣ ಅಂತ ಹೊರಡುವ ಗುಂಪು ಮೊದಲು ಎಡವುವುದೇ ಗಡಿಯಾರದಲ್ಲಿ. ‘ಗಡಿಯಾರದ ಹತ್ರ ಎಂಟಕ್ಕೆ’ ಅಂತ ವಾಟ್ಸಾಪ್‌ನಲ್ಲಿ ಹಾಕಿದರೆ ಅರ್ಧ ಜನ ದೊಡ್ಡ ಗಡಿಯಾರದ ಕೆಳಗೆ, ಇನ್ನರ್ಧ ದೇವರಾಜ ಮಾರ್ಕೆಟ್ ಪಕ್ಕದ ಚಿಕ್ಕ ಗಡಿಯಾರದ ಕೆಳಗೆ ನಿಂತು, ‘ಎಲ್ಲಿದ್ದೀರ್ರೀ?’ ‘ಗಡಿಯಾರದ ಹತ್ರಾನೇ ಇದ್ದೀನಲ್ರೀ!’ ಅಂತ ಫೋನಿನಲ್ಲಿ ಕಾದಾಡುತ್ತಾರೆ. ಪಕ್ಕದಲ್ಲಿ ಟೌನ್‌ಹಾಲ್ ಇದೆಯಾ, ಹೂವಿನಂಗಡಿ ಇದೆಯಾ ಅಂತ ಕೇಳಿ. ಟೌನ್‌ಹಾಲ್ ಇದ್ದರೆ ಅದು ದೊಡ್ಡದು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ್ದು.

ಅಲ್ಲಿಂದ ಅರಮನೆಯ ಉತ್ತರ ಬಾಗಿಲು ಕೂಗಳತೆಯಲ್ಲಿದೆ. ಎಲ್ಲರೂ ನೇರ ಅದಕ್ಕೇ ಹೋಗಿ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಟಿಕೆಟ್ ಕೊಡುವುದು ದಕ್ಷಿಣದ ವರಾಹ ದ್ವಾರದಲ್ಲಿ, ಅಂದರೆ ಕೋಟೆಗೋಡೆ ಬಳಸಿ ಅರ್ಧ ಪ್ರದಕ್ಷಿಣೆ. ಇದೇ ಹೊತ್ತಿಗೆ ಯಾರೋ ಒಬ್ಬ ಪರೋಪಕಾರಿ ಹತ್ತಿರ ಬಂದು, ‘ಅರಮನೆ ಇವತ್ತು ಮಧ್ಯಾಹ್ನದ ಮೇಲೆ ಸಾರ್, ಅಲ್ಲೀತನಕ ಊದುಬತ್ತಿ ಮಾಡೋದು ತೋರಿಸ್ತೀನಿ ಬನ್ನಿ’ ಅನ್ನುತ್ತಾನೆ. ನಂಬಬೇಡಿ. ದಸರೆಯ ಕೆಲವು ದಿನ ಬಿಟ್ಟರೆ ವಾರದ ಏಳೂ ದಿನ ಬೆಳಗ್ಗೆ 10ಕ್ಕೆ ಬಾಗಿಲು ತೆಗೆಯುತ್ತೆ.

ಒಳಗೆ ಬರಿಗಾಲು. ಹನ್ನೆರಡು ತೂತಿಗೆ ಲೇಸ್ ಪೋಣಿಸಿದ ಶೂ ಹಾಕಿಕೊಂಡು ಬಂದವರ ಪಾಡು ಚಪ್ಪಲಿ ಸ್ಟ್ಯಾಂಡಿನ ಮುಂದೆ ನೋಡಬೇಕು. ಹಿಂದೆ ಸರತಿಯವರು ನೂಕುತ್ತಿರುತ್ತಾರೆ, ಇವರು ಒಂಟಿಕಾಲಲ್ಲಿ ಕುಪ್ಪಳಿಸುತ್ತಿರುತ್ತಾರೆ. ಮಾರ್ಚ್ ಏಪ್ರಿಲ್‌ನಲ್ಲಿ ಮಧ್ಯಾಹ್ನ ಬಂದರೆ ಅಂಗಳದ ಕಲ್ಲು ಕಾವಲಿಯಾಗಿರುತ್ತೆ. ದಪ್ಪನೆಯ ಕಾಲುಚೀಲ ಇದ್ದರೆ ಬಚಾವು. ಈಗಿರುವುದು ಹೆನ್ರಿ ಇರ್ವಿನ್ ವಿನ್ಯಾಸದ, 1912ರಲ್ಲಿ ಮುಗಿದ ಕಟ್ಟಡ. ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು.

ಬೆಂಕಿ ಬಿದ್ದಾಗ ರಾಜಮನೆತನದವರು ಸೇರಿಕೊಂಡ ಜಗನ್ಮೋಹನ ಅರಮನೆಗೆ (1861) ಇಲ್ಲಿಂದ ನಡಿಗೆಯೇ ಸಾಕು. 1915ರಿಂದ ಅದು ಚಿತ್ರಶಾಲೆ. ರವಿವರ್ಮನ ಚಿತ್ರಗಳು ಇಲ್ಲಿ ಬೇಕಾದಷ್ಟಿವೆ, ತೊಂದರೆ ಶುರುವಾಗುವುದೂ ಅದರಿಂದಲೇ. ದೀಪ ಹಿಡಿದ ಮಹಿಳೆಯ ಮುಂದೆ ಪ್ರತಿ ಸಂಸಾರದಲ್ಲೂ ಒಬ್ಬರು ಗಂಟಲು ಸರಿಮಾಡಿಕೊಂಡು ‘ಇದು ರವಿವರ್ಮಂದು, ಆಯಿಲ್ ಪೇಂಟಿಂಗು’ ಅಂತ ಘೋಷಿಸುತ್ತಾರೆ. ಎರಡೂ ತಪ್ಪು. ಬರೆದವರು ಎಸ್.ಎಲ್. ಹಲ್ದಣಕರ್, ಬರೆದದ್ದು ಜಲವರ್ಣದಲ್ಲಿ, ರೂಪದರ್ಶಿ ಅವರ ಮಗಳು. ದೀಪಕ್ಕೆ ಅಡ್ಡ ಹಿಡಿದ ಕೈಯನ್ನು ಹತ್ತಿರದಿಂದ ನೋಡಿ. ಬೆರಳ ಸಂದಿಯಲ್ಲಿ ಬೆಳಕು ಸೋರಿ ಚರ್ಮದ ಅಂಚು ಕೆಂಪಗಾಗಿದೆ. ತೈಲವರ್ಣದಲ್ಲಾದರೆ ಕೈ ತಪ್ಪಿದ ಜಾಗದ ಮೇಲೆ ಇನ್ನೊಂದು ಪದರ ಬಳಿದು ಮುಚ್ಚಬಹುದು. ನೀರುಬಣ್ಣ ಕಾಗದಕ್ಕೆ ಹೀರಿದ ಮೇಲೆ ಆ ಅವಕಾಶ ಕಮ್ಮಿ. ಇಷ್ಟು ಹೇಳಿದರೂ ಭಾವಂದಿರು ಒಪ್ಪುವುದಿಲ್ಲ, ಅದು ಬೇರೆ ಮಾತು.

ನಡಿಗೆ ಇಲ್ಲಿಗೆ ಸಾಕು. ಮಿಕ್ಕ ಬಂಗಲೆಗಳನ್ನು ಕಟ್ಟಿದ್ದೇ ಊರಾಚೆ ವಿಶಾಲ ಜಾಗದಲ್ಲಿ, ಸಾರೋಟಿನಲ್ಲಿ ಓಡಾಡುವವರಿಗೆ. ಲಲಿತಮಹಲಿಗೆ ನಡೆದು ಹೊರಟವರು ಅರ್ಧ ದಾರಿಯಲ್ಲಿ ಆಟೋಗೆ ಕೈ ಅಡ್ಡ ಹಾಕುತ್ತಾರೆ. ಆದರೆ ಆಟೋದವರಿಗೆ ಬಂಗಲೆಯ ಹೆಸರು ಹೇಳುವಾಗ ಹುಷಾರು. ‘ಚೆಲುವಾಂಬ’ ಅಂದರೆ ಅವರು ಕಣ್ಣುಮುಚ್ಚಿ ಹೆರಿಗೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಜೊತೆಗೆ ವಯಸ್ಸಾದವರನ್ನು ನೋಡಿ ‘ಮಗಳಿಗಾ ಅಮ್ಮ?’ ಅಂತ ವಿಚಾರಿಸುತ್ತಾರೆ. ಇನ್ನು ಕೆಲವರು ಯಾದವಗಿರಿಯ ಚೆಲುವಾಂಬ ಪಾರ್ಕಿಗೆ ಇಳಿಸುತ್ತಾರೆ. ಬಂಗಲೆಯನ್ನು ಈಗ ಅಲ್ಲಿರುವವರ ಹೆಸರಿನಿಂದ ಕೇಳಬೇಕು: ಚೆಲುವಾಂಬ ಮ್ಯಾನ್ಶನ್ನಿಗೆ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ, ಕಾರಂಜಿ ಮ್ಯಾನ್ಶನ್ನಿಗೆ ನಜರ್‌ಬಾದಿನ ಅಂಚೆ ತರಬೇತಿ ಕೇಂದ್ರ, ಮದುವೆಯ ಬೆಂಕಿಯ ಅದೇ ಜಯಲಕ್ಷ್ಮಮ್ಮಣ್ಣಿಯವರಿಗೆ ಕಟ್ಟಿಸಿದ ಜಯಲಕ್ಷ್ಮಿ ವಿಲಾಸಕ್ಕೆ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿ. ಮೊದಲಿನೆರಡು ಕಚೇರಿಗಳಾದ್ದರಿಂದ ಗೇಟಿನಲ್ಲಿ ಸೆಕ್ಯುರಿಟಿಯವರು ‘ಯಾರನ್ನ ನೋಡ್ಬೇಕಿತ್ತು?’ ಅನ್ನುತ್ತಾರೆ. ‘ಕಂಬ’ ಅಂದರೆ ಒಳಗೆ ಬಿಡುವುದಿಲ್ಲ. ಮೊದಲೇ ಅನುಮತಿ ಕೇಳಿಕೊಂಡು ಹೋಗಿ, ಇಲ್ಲವೇ ರಸ್ತೆಯಿಂದ ಕಂಡಷ್ಟೇ ಭಾಗ್ಯ.